ಮಾಯವಾದ ಮಂಜುಗಡ್ಡೆ

"ಮಂಜುಗಡ್ಡೆ ಕಳುವಾಗಿದೆ," ಎಂದು ಮ್ಯೂಸಿಯಮ್ಮಿನ ಮೇಲ್ವಿಚಾರಕರು ಬಾಗಿಲಲ್ಲಿ ನಿಂತು ಹೇಳಿದಾಗ ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪಕ್ಕದಲ್ಲಿದ್ದ ಅಣ್ಣನ ಮಗಳು ಉಕ್ಕಿಬಂದ ನಗೆಯನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡಳು.

ಹಿಂದೊಂದು ಕಾಲಕ್ಕೆ ಹಡಗಿನಲ್ಲಿ ಬಂದ ಮಂಜುಗಡ್ಡೆಯನ್ನು ಕೂಡಿಡುತ್ತಿದ್ದ ಕಟ್ಟಡವದು. ಗೋಡೆ ಆನೆ ಗುದ್ದಿದರೂ ಅಲುಗದಷ್ಟು ದಪ್ಪ, ಕಿಟಕಿಯೆಂಬುದಿಲ್ಲ. ಈಗ ಅದು ಮ್ಯೂಸಿಯಂ. ಹಿಂದಿನ ಕೋಣೆಯಲ್ಲಿದ್ದುಕೊಂಡು ಅಲ್ಲಿನ ಹಳೇ ಬಟ್ಟೆಗಳಿಗೆ ಹೊಲಿಗೆ ಹಾಕುವ ಅತ್ತೆ, ಕಳೆದದ್ದನ್ನೆಲ್ಲ ಹುಡುಕಿಕೊಡುತ್ತಿದ್ದುದರಿಂದ ಊರಿಗೆಲ್ಲ 'ಪತ್ತೆ ಅತ್ತೆ'.

ಹಿಂದಿನವರು ಮಾಡುತ್ತಿದ್ದಂತೆಯೇ ದೊಡ್ಡದೊಂದು ಗಡ್ಡೆಯನ್ನು ಕರಗದಂತೆ ಮರದ ಹೊಟ್ಟಿನಲ್ಲಿ ಹೂತಿಟ್ಟಿದ್ದರು. ಅಂದು ಅತಿಥಿಗಳೆದುರು ಅದನ್ನು ತೆರೆಯಬೇಕಿತ್ತು.

"ಬೀಗದಕೈ ಇರೋದು ನನ್ನ ಹತ್ರ, ಕಾವಲುಗಾರನ ಹತ್ರ," ಎಂದರು ಮೇಲ್ವಿಚಾರಕರು. " ಎದುರಿನ ಶರಬತ್ತಿನಂಗಡಿಯವನು ಅವನ ಭಾವಮೈದ. ಗಡ್ಡೆ ಪೆಟ್ಟಿಗೆಯಷ್ಟಿದ್ದದ್ದು ದಿಂಬಿನಷ್ಟಾಯ್ತು, ನಿನ್ನೆ ಸೋಪಿನಷ್ಟು. ದಿನಾ ಕೆತ್ತಿ ಸಾಗಿಸಿದ್ದಾನೆ. ಇವತ್ತೇ ಅವನನ್ನ ಕೆಲಸದಿಂದ ತೆಗೀತೀನಿ."

ಕಾವಲುಗಾರ ಬಾಗಿಲ ಬಳಿ ಮುದುಡಿ ನಿಂತಿದ್ದ. "ನಾನು ಆ ಹೊಟ್ಟು ಮುಟ್ಟೇ ಇಲ್ಲಮ್ಮ. ಈ ವಯಸ್ಸಲ್ಲಿ ಕಳ್ಳ ಅನ್ನಿಸ್ಕೊಂಡು ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಅತ್ತೆ ಗಡ್ಡೆಯಿಟ್ಟಿದ್ದ ಕೋಣೆಗೆ ಹೋಗಿ ಹೊಟ್ಟಿನೊಳಗೆ ಮೊಣಕೈತನಕ ಕೈಹಾಕಿದಳು. ಮೇಲೆ ಸಡಿಲ, ಅಡಿಯಲ್ಲಿ ಹಿಂಡಿದರೆ ನೀರು. ಮೂಲೆಯಲ್ಲಿ ನೀರು ಹರಿದುಹೋಗುವ ಮೋರಿಯ ಬಾಯಿಗೆ ಕಿವಿಯಿಟ್ಟಳು. ಅಣ್ಣನ ಮಗಳನ್ನು ಶರಬತ್ತಿನಂಗಡಿಗೆ ಓಡಿಸಿದಳು. ಅವಳು ತನಿಖೆಯ ನೆಪದಲ್ಲಿ ಎರಡು ಲೋಟ ಕುಡಿದು ಬಂದು ಮುಖ ಕಿವುಚಿದಳು: "ಸ್ನಾನದ ನೀರಿನ ಹಾಗಿದೆ ಅತ್ತೆ, ಬೆಚ್ಚಗೆ."

ಅತಿಥಿಗಳು ಬಂದು ಕೂತರು. ಅತ್ತೆ ಎಲ್ಲರೆದುರು ನಿಂತಳು.

"ಕಳ್ಳತನ ಆಗೇ ಇಲ್ಲ. ಕೆತ್ತಿ ಒಯ್ದಿದ್ರೆ ಶರಬತ್ತಾದ್ರೂ ತಣ್ಣಗಿರಬೇಕಿತ್ತು. ಹೊಟ್ಟು ಒದ್ದೆ, ಮೋರಿ ಇನ್ನೂ ತೊಟ್ಟಿಕ್ಕುತ್ತಿದೆ. ಗಡ್ಡೆ ಕರಗಿದೆ. ಬಿಗಿಯಾಗಿ ಮುಚ್ಚಿಟ್ಟದ್ದು ಇಷ್ಟು ಬೇಗ ಕರಗಬೇಕಾದ್ರೆ ಯಾರೋ ಕೆದಕಿರಬೇಕು. ದಿಂಬಿನಷ್ಟು, ಸೋಪಿನಷ್ಟು ಅಂದ್ರಲ್ಲ ಸಾರ್, ಹೊಟ್ಟಿನಡಿ ಇದ್ದದ್ದು ನಿಮಗೆ ಹೇಗೆ ಕಾಣಿಸ್ತು?"

ಎಲ್ಲರ ಕಣ್ಣೂ ಮೇಲ್ವಿಚಾರಕರ ಅಂಗಿಯ ತೋಳಿನ ಮೇಲೆ. ಗುಂಡಿಯ ಸುತ್ತ ಹೊಟ್ಟು ಮೆತ್ತಿತ್ತು.

"ಇವನೆಲ್ಲಿ ಕದೀತಾನೋ ಅಂತ ದಿನಾ ತೆಗೆದು ನೋಡ್ತಿದ್ದೆ," ಎಂದರು ಅವರು, ಸಣ್ಣ ದನಿಯಲ್ಲಿ.

"ನೋಡಿದಷ್ಟೂ ಕರಗ್ತು, ಕರಗಿದಷ್ಟೂ ಅನುಮಾನ. ಅನುಮಾನ ಬಂದಷ್ಟೂ ಇನ್ನಷ್ಟು ಹೊತ್ತು ನೋಡಿದ್ರಿ."

ಇದೇ ಕಾರ್ಯಕ್ರಮವೆಂದುಕೊಂಡ ಅತಿಥಿಗಳು ಜೋರಾಗಿ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲೇ ಮೇಲ್ವಿಚಾರಕರು ಕಾವಲುಗಾರನ ಕೈಹಿಡಿದು, "ತಪ್ಪಾಯ್ತು ಕಣಯ್ಯ. ಹೊಸ ಗಡ್ಡೆ ತರಿಸ್ತೀನಿ. ನಾನು ಬಂದ್ರೂ ಒಳಗೆ ಬಿಡಬೇಡ," ಎಂದರು.

ಹೊಸ ಗಡ್ಡೆ ಬಂದ ದಿನವೇ, ಸಂಜೆ, ಅವರು ಮೆಲ್ಲಗೆ ಬಂದರು. ಕಾವಲುಗಾರ ಎದ್ದು ಕೈಮುಗಿದ. ಸ್ಟೂಲನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು, ಕಾಲಮೇಲೆ ಕಾಲು ಹಾಕಿ ಕೂತ.