ಸಾವಂತ್ರವ್ವನ ಎಮ್ಮೆಯ ಲೆಕ್ಕ

"ನಿಲ್ಲಸ್ರಿ! ಆ ಲೆಕ್ಕ ನಂದೈತಿ!"

ಹಲಗೆಯ ಮೇಲೆ ಓಡುತ್ತಿದ್ದ ದಾನೇಶ್ವರಿಯ ಕೈ ಅಲ್ಲೇ ನಿಂತಿತು.

ಮುದ್ದೇಬಿಹಾಳದ ಸಮುದಾಯ ಭವನದಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗಾಗಿ ಏರ್ಪಡಿಸಿದ್ದ ಉಚಿತ ಶಿಬಿರ. ಗಣಿತ ಹೇಳಿಕೊಡಲು ಮಸೂತಿಯಿಂದ ಬಂದಿದ್ದಳು ದಾನೇಶ್ವರಿ. ಇಷ್ಟು ಜನರ ಮುಂದೆ ಮೈಕ್ ಹಿಡಿದು ನಿಂತದ್ದು ಇದೇ ಮೊದಲು.

ಹಲಗೆಯ ಮೇಲೆ ಅವಳು ಬರೆದಿದ್ದು ಇಷ್ಟೇ: 'ಸಾವಂತ್ರವ್ವನ ಎಮ್ಮೆ ಸಾಹೇಬಿ ಬೆಳಿಗ್ಗೆ ಕೊಟ್ಟ ಹಾಲಿಗಿಂತ ಸಂಜೆ ಕಾಲು ಭಾಗ ಕಡಿಮೆ ಕೊಡುತ್ತದೆ. ಏಕೆಂದರೆ ಸಂಜೆ ಅದಕ್ಕೆ ಸಿಟ್ಟು...'

ಎದ್ದು ನಿಂತವನ ಕಣ್ಣಲ್ಲಿ ಕೆಂಡವಿತ್ತು. ಎತ್ತರದ ಆಳು, ಮೊಣಕೈವರೆಗೆ ಮಡಚಿದ ಬಿಳಿ ಅಂಗಿ. ಸಿಂದಗಿಯಲ್ಲಿ ಕೋಚಿಂಗ್ ಕ್ಲಾಸ್ ನಡೆಸುವ ಕಲ್ಮೇಶ. ಅವನ 'ಏಣಿ' ಎಂಬ ವೆಬ್‌ಸೈಟ್ ನೋಡದೆ ಆ ಭಾಗದಲ್ಲಿ ಯಾರೂ ಪರೀಕ್ಷೆಗೆ ಕೂರುತ್ತಿರಲಿಲ್ಲ. ದಾನೇಶ್ವರಿಯ ನಂತರ ಮಾತನಾಡಬೇಕಾಗಿದ್ದವನು ಅವನೇ.

"ಏನಂದ್ರಿ?" ಎಂದಳು ಅವಳು, ಕೇಳಿಸಿದ್ದನ್ನು ನಂಬಲಾಗದೆ.

"ನಮ್ಮ ಸೈಟಿನ್ಯಾಗಿನ ಲೆಕ್ಕ ಅದು. ಅಕ್ಷರ ಸೈತ ಬದಲ ಮಾಡಿಲ್ಲ ನೀವು! ಕದಿಯೂದಾದ್ರ ಎಮ್ಮಿ ಹೆಸರರೆ ಬದಲಸಬಾರದಾ?"

ಸಭೆ ಘೊಳ್ಳೆಂದು ನಕ್ಕಿತು. ದಾನೇಶ್ವರಿಯ ಕಿವಿ ಸುಡತೊಡಗಿತು.

"ನಾ ಬರದದ್ರಿ ಇದು! ನನ್ನ ಸೈಟ್ ಐತಿ... 'ನಮ್ಮೂರ ಲೆಕ್ಕ' ಅಂತ. ಅದರಾಗ ಹಾಕೇನಿ!"

"ಹೌದಾ? ಎಲ್ಲಾರೂ ಮೊಬೈಲ್ ತಗೀರಿ. ಗೂಗಲ್‌ನಾಗ ಈ ಲೆಕ್ಕ ಹುಡಕ್ರಿ, ಯಾರದು ಬರತೈತಿ ನೋಡೂಣು!"

ನೂರಾರು ಬೆರಳುಗಳು ಒಮ್ಮೆಲೇ ಆಡಿದವು. ಬಂದದ್ದು 'ಏಣಿ' ಒಂದೇ. 'ನಮ್ಮೂರ ಲೆಕ್ಕ' ಎಂದು ಹುಡುಕಿದರೂ... ಏನೂ ಇಲ್ಲ. ಅಂಥದ್ದೊಂದು ಜಗತ್ತಿನಲ್ಲೇ ಇಲ್ಲವೆಂಬಂತೆ!

"ಸಾವಂತ್ರವ್ವ ಅಂದ್ರ ನಮ್ಮವ್ವ!" ಅಳು ಒತ್ತಿಕೊಂಡು ಕೂಗಿದಳು ದಾನೇಶ್ವರಿ.

"ಸಾವಂತ್ರವ್ವಗೋಳು ಊರಿಗೆ ಹತ್ತ ಮಂದಿ ಅದಾರ," ಎಂದ ಕಲ್ಮೇಶ.

ಹಿಂದಿನಿಂದ ಯಾವನೋ ಕಿರುಚಿದ, "ಹಂಗಾರ ಎಮ್ಮಿ ನಿಮ್ಮಕ್ಕ ಏನ್ರಿ?"

ಮತ್ತೆ ನಗು. ಯಾರೋ ವಿಡಿಯೋ ಮಾಡುತ್ತಿದ್ದರು. ದಾನೇಶ್ವರಿ ಮೈಕನ್ನು ಮೇಜಿನ ಮೇಲಿಟ್ಟಳು. ಬಾಗಿಲ ಬಳಿ ಅವನನ್ನು ದಾಟುವಾಗ ಒಂದು ಕ್ಷಣ ನಿಂತಳು.

"ಕಳ್ಳಿ ಅಂದೀರಲ್ಲಾ... ಆ ಮಾತ ನೀವ ಒಂದಿನ ನುಂಗಬೇಕಾಕ್ಕೈತಿ!"

"ನೋಡೂಣು," ಎಂದ ಅವನು. ಧ್ವನಿಯಲ್ಲಿ ಒಂದಿಷ್ಟೂ ಮರುಕವಿರಲಿಲ್ಲ.

ಆ ವಿಡಿಯೋ ಅವಳಿಗಿಂತ ಮೊದಲೇ ಊರು ಸೇರಿತು. ಇಂಡಿ ಪಟ್ಟಣದ ವಸತಿ ಶಾಲೆಯೊಂದು ಅವಳಿಗೆ ಗಣಿತ ಶಿಕ್ಷಕಿಯ ಕೆಲಸ ಕೊಡುವುದಾಗಿ ಹೇಳಿತ್ತು. ಮರುದಿನ ಅಲ್ಲಿಂದ ಫೋನ್ ಬಂತು. "ಸದ್ಯಕ್ಕ ಬ್ಯಾಡ್ರಿ ಮೇಡಂ... ಆ ವಿಡಿಯೋದ್ದು ಏನೈತಿ, ಅದು ಮೊದಲ ಬಗೀಹರಿಲಿ."

ದಾನೇಶ್ವರಿ ಫೋನ್ ಹಿಡಿದು ಗೋಡೆಗೊರಗಿ ಕುಳಿತಳು. ಬಿ.ಎಸ್ಸಿ. ಮುಗಿಸಿದ ಮೇಲೆ ಎಷ್ಟೋ ಸಂಜೆಗಳನ್ನು ಸುರಿದು ಬರೆದ ಲೆಕ್ಕಗಳು. ಇಂಡಿಯ ನಿಂಬೆಹಣ್ಣಿನ ಲೆಕ್ಕ, ದೇವರ ಹಿಪ್ಪರಗಿ ಸಂತೆಯ ಜೋಳದ ಲೆಕ್ಕ, ಆಲಮಟ್ಟಿಯ ನೀರಿನ ಲೆಕ್ಕ... ಯಾವುದೋ ಪರದೇಶದ ರೈಲಿನ ಲೆಕ್ಕ ತಲೆಗೆ ಹೋಗದ ನಮ್ಮ ಮಕ್ಕಳಿಗೆ ನಮ್ಮದೇ ಲೆಕ್ಕ ಇರಲಿ ಎಂದು ಬರೆದದ್ದು!

'ನನ್ನ ಅವ್ವನ ಹೆಸರು ನನ್ನದಲ್ಲ ಅಂತಾನೆ. ಎಂಥಾ ಮನುಷ್ಯ ಇವನು!'

ಬಸವನ ಬಾಗೇವಾಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದ ಗೆಳತಿ ಶಮಾಳ ಬಳಿ ಓಡಿದಳು.

"ಯಾಕ ನನ್ನ ಸೈಟ್ ಕಾಣಸವಲ್ದು ಶಮಾ? ನಾನ ಮೊದಲ ಬರದೇನಿ!"

ಶಮಾ ಕಂಪ್ಯೂಟರಿನಲ್ಲಿ ಹುಡುಕಿ ನೋಡಿ ನಿಟ್ಟುಸಿರು ಬಿಟ್ಟಳು.

"ದಾನಿ, ನೀ ಬರದಿದ್ದು ಗೂಗಲ್‌ಗೆ ಗೊತ್ತ ಇಲ್ಲ. ವಾಟ್ಸ್ಆ್ಯಪ್ ಗ್ರೂಪಿನ್ಯಾಗ ಲಿಂಕ್ ಕಳಿಸಿ ಕಳಿಸಿ ಓದ್ಸೀದಿ. ಬ್ಯಾರೆ ಯಾವ ಸೈಟಿನಿಂದನೂ ನಿನ್ನ ಸೈಟಿಗೆ ದಾರಿ ಇಲ್ಲ. ಅದು ಹ್ಯಾಂಗ ಬರಬೇಕು? ಸೈಟ್‌ಮ್ಯಾಪ್ ಕೊಟ್ಟೀಯೇನು?"

"ಹಂಗಂದ್ರ?"

"ನಿನ್ನ ಸೈಟಿನ್ಯಾಗ ಯಾವ್ಯಾವ ಪುಟ ಅದಾವ, ಎಲ್ಲಿ ಅದಾವ ಅಂತ ಬರದಿಟ್ಟ ಒಂದು ಫೈಲ್. ಅದನ್ನ ಗೂಗಲ್‌ಗೆ ಕೊಟ್ರ ಅದು ಬಂದು ಓದಿ ತನ್ನ ಹುಡುಕಾಟದಾಗ ಸೇರಿಸ್ಕೋತೈತಿ. ಅವನ ಸೈಟಿನ್ಯಾಗ ಹೊಸಾ ಪುಟ ಹಾಕಿದ ಕೂಡ್ಲೆ ಸೈಟ್‌ಮ್ಯಾಪ್ ತಾನ ಬದಲಾಗ್ತೈತಿ. ಅದಕ ಅವನ ಪುಟ ಮೊದಲ ಹೋಗಿ ಕುಂತಾವು."

"ನಾವೂ ಕೊಡೂಣು. ಈಗ!"

"ಕೊಡೂಣು. ಆದ್ರ ಇದು ಬರ್ರಿ ಅಂತ ಕರಿಯೂದಷ್ಟ. ಒಳಗ ಸೇರಿಸ್ಕೋಳ್ಳೂದು ಬಿಡೂದು ಅದಕ ಬಿಟ್ಟಿದ್ದು."

ಗೆಳತಿಯರಿಬ್ಬರೂ ಕುಳಿತು ಸೈಟ್‌ಮ್ಯಾಪ್ ಮಾಡಿದರು. ಸೈಟಿನ ಒಡೆಯರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಸೈಟನ್ನು ದಾನೇಶ್ವರಿಯ ಹೆಸರಿಗೆ ಖಾತ್ರಿ ಮಾಡಿಸಿದರು. ಮೊದಲ ಸಲ ವಿಳಾಸ ತಪ್ಪಿ 'ತರಲಾಗಲಿಲ್ಲ' ಎಂದು ಕೆಂಪು ಅಕ್ಷರ ಬಂತು. ತಿದ್ದಿ ಕಳಿಸಿದರು. ಹಸಿರು ಬಣ್ಣದಲ್ಲಿ 'ಯಶಸ್ವಿ' ಎಂದು ಬಂದಾಗ ದಾನೇಶ್ವರಿ ಶಮಾಳನ್ನು ತಬ್ಬಿಕೊಂಡು ಅತ್ತಳು.

ಆದರೆ ಆ ಸಂತೋಷ ಹೆಚ್ಚು ದಿನ ಬಾಳಲಿಲ್ಲ.

ಅವಳ ಪುಟಗಳು ಒಂದೊಂದಾಗಿ ಹುಡುಕಾಟದಲ್ಲಿ ಕಾಣತೊಡಗಿದವು. ಕಾಣದೆ ಉಳಿದದ್ದು 'ಏಣಿ'ಯಲ್ಲಿದ್ದ ಆ ಲೆಕ್ಕಗಳು ಮಾತ್ರ. ಸರ್ಚ್ ಕನ್ಸೋಲ್‌ನಲ್ಲಿ ಅವುಗಳ ಮುಂದೆ ಗೂಗಲ್ ತನ್ನ ತೀರ್ಪು ಬರೆದಿತ್ತು. ಇವು ನಕಲು ಪುಟಗಳು. ಮೂಲ ಬೇರೆ ಕಡೆ ಇದೆ!

'ಮನುಷ್ಯರು ಕಳ್ಳಿ ಅಂದರು... ಈಗ ಯಂತ್ರವೂ ಹಾಗೇ ಅನ್ನುತ್ತಿದೆ!'

ತಡೆಯಲಾರದೆ ಕಲ್ಮೇಶನಿಗೆ ಫೋನ್ ಮಾಡಿದಳು.

"ನನ್ನ ಲೆಕ್ಕ ನಿಮ್ಮ ಸೈಟಿನಿಂದ ತಗೀರಿ!"

"ಯಾರು? ಓ... ಎಮ್ಮಿ ಮೇಡಂ! ನೀವ ತಗೀರಿ. ಅವು ನಮ್ಮ ಕ್ಲಾಸಿನ ಅನೀಲಕುಮಾರ ಸರ್ ಬರದದ್ದು. ರಾತ್ರಿ ಹಗಲಿ ದುಡದು ಬರದೇನಿ ಅಂತ ನನ್ನ ಕೈಯಾಗ ಕೊಟ್ಟಾರ."

"ಸುಳ್ಳ ಹೇಳ್ಯಾರ! ನಮ್ಮ ವಾಟ್ಸ್ಆ್ಯಪ್ ಗ್ರೂಪಿನ್ಯಾಗಿಂದ ಎತ್ತಿಕೊಂಡಾರ!"

"ನಮ್ಮ ನೋಟ್ಸ್ ಕದ್ದವರು ನೀವೇನ್ ಮೊದಲನೇದವರಲ್ಲ. ಸಿಕ್ಕಿ ಬಿದ್ದಾಗ ಎಲ್ಲಾರೂ ಹಿಂಗ ಅಂತಾರ. ನಾಳಿ ಸಂಜಿಕ ನಿಮ್ಮೂರಿಗೆ ಬರ್ತೇನಿ. ನಿಮ್ಮ ಹಿರ್ಯಾರ ಮುಂದ ಮಾತಾಡಿ ಮುಗಸೂಣು!"

"ಬರ್ರಿ! ನಾನೂ ಕಾಯ್ತೇನಿ!"

ಹೇಳಿದಂತೆ ಬಂದ. ಮಸೂತಿಯ ಅವಳ ಮನೆ ಮುಂದೆ ಬೈಕ್ ನಿಲ್ಲಿಸಿ ಇಳಿಯುವ ಮೊದಲೇ ದಾನೇಶ್ವರಿ ಬಾಗಿಲಿಗೆ ಬಂದಳು.

"ಒಳಗ ಕರಿಯಂಗಿಲ್ಲ ನಿಮ್ಮನ್ನ. ಅಲ್ಲೇ ನಿಂತ ಹೇಳ್ರಿ!"

"ಕುಂದ್ರಾಕ ಬಂದಿಲ್ರಿ ನಾನೂ! ಇನ್ನೊಮ್ಮಿ ನಮ್ಮ ಲೆಕ್ಕ..."

ಅಷ್ಟರಲ್ಲಿ ಕೊಟ್ಟಿಗೆಯಿಂದ ಪಾತ್ರೆ ಉರುಳಿದ ಸದ್ದು. ಹಿಂದೆಯೇ ಒಂದು ಹೆಂಗಸಿನ ಕೂಗು.

"ಏ ಸಾಹೇಬಿ! ನಿನ್ನ ಸಿಟ್ಟಿಗೆ ಬೆಂಕಿ ಹತ್ತಲಿ! ನಿಂದರ ಅಂದ್ರ ನಿಂದರಬೇಕು!"

ಕಲ್ಮೇಶನ ಮಾತು ಅರ್ಧಕ್ಕೇ ನಿಂತಿತು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಾಲಿನ ತಂಬಿಗೆ ಹಿಡಿದು ದಾನೇಶ್ವರಿಯ ತಾಯಿ ಹೊರಬಂದಳು. ಯಾರೋ ನೆಂಟರ ಹುಡುಗನಿರಬೇಕೆಂದು ಅವನಿಗೇ ದೂರು ಹೇಳತೊಡಗಿದಳು.

"ನೋಡಪ್ಪಾ, ಮುಂಜಾನೆ ದೇವರಂಗ ನಿಂದರ್ತೈತಿ. ಸಂಜಿ ಆತಂದ್ರ ಎಲ್ಲಿ ಸಿಟ್ಟು ಬರತೈತೊ! ಕಾಲು ಭಾಗ ಹಾಲು ಕಡಿಮಿ. ದಿನಾ ಇದ ಹಾಡು!"

ಅವನ ಮುಖದ ಬಣ್ಣ ಇಳಿಯಿತು.

"ಯವ್ವಾ... ನಿಮ್ಮ ಹೆಸರೇನ್ರಿ?"

"ನನ್ನ ಹೆಸರಾ? ಸಾವಂತ್ರವ್ವ. ಯಾಕಪಾ?"

ಕಲ್ಮೇಶ ಒಮ್ಮೆ ಕೊಟ್ಟಿಗೆಯತ್ತ ನೋಡಿದ. ಒಮ್ಮೆ ಸಾವಂತ್ರವ್ವನನ್ನು. ಕೊನೆಗೆ ದಾನೇಶ್ವರಿಯನ್ನು... ಆದರೆ ಅವಳ ಕಣ್ಣನ್ನು ಎದುರಿಸಲು ಅವನಿಂದಾಗಲಿಲ್ಲ. ತಿರುಗಿ ಬೈಕ್ ಹತ್ತಿ ಹೊರಟೇಬಿಟ್ಟ.

"ಚಾ ಸೈತ ಕುಡೀದ ಹೋದ್ನಲ್ಲ! ಯಾರ ಇಂವಾ?" ಎಂದಳು ಸಾವಂತ್ರವ್ವ.

ದಾನೇಶ್ವರಿ ಅವನು ಹೋದ ದಾರಿಯನ್ನೇ ದುರುಗುಟ್ಟಿ ನೋಡಿದಳು. 'ನಿಜ ಕಣ್ಣಾರೆ ನೋಡಿದ ಮೇಲೂ ತಪ್ಪಾಯಿತು ಅನ್ನುವಷ್ಟು ದೊಡ್ಡತನವಿಲ್ಲ! ಹೇಡಿ!'

ವಾರ ಕಳೆದಿರಬೇಕು. ಶಮಾ ಫೋನಿನಲ್ಲಿ ಕಿರುಚಿದಳು.

"ದಾನೀ! 'ಏಣಿ' ತಗದು ನೋಡ!"

ಅವಳ ಲೆಕ್ಕಗಳಿದ್ದ ಪುಟ ಒಂದೂ ಅಲ್ಲಿರಲಿಲ್ಲ. ಆ ವಿಳಾಸ ಒತ್ತಿದರೆ ನೇರ 'ನಮ್ಮೂರ ಲೆಕ್ಕ'ಕ್ಕೇ ಬಂದು ನಿಲ್ಲುತ್ತಿತ್ತು. ಒಂದೊಂದು ಪುಟಕ್ಕೂ ಹಾಗೆ ದಾರಿ ತಿರುಗಿಸಿದ್ದ. 'ಏಣಿ'ಯ ಮುಖಪುಟದಲ್ಲಿ 'ಈ ಲೆಕ್ಕಗಳು ಮಸೂತಿಯ ದಾನೇಶ್ವರಿ ಅವರವು' ಎಂಬ ಸಾಲಿತ್ತು. ಕೆಲ ದಿನಗಳಲ್ಲಿ ಗೂಗಲ್ ಕೂಡ ತನ್ನ ತೀರ್ಪು ತಿದ್ದಿಕೊಂಡಿತು. ಎಮ್ಮೆಯ ಲೆಕ್ಕ ಹುಡುಕಿದರೆ ಮೊದಲು ಬರುತ್ತಿದ್ದದ್ದು ಅವಳ ಪುಟವೇ!

ಶಮಾ ಕುಣಿದಳು. ದಾನೇಶ್ವರಿ ಮಾತ್ರ ಸಿಂದಗಿಯ ಬಸ್ ಹತ್ತಿದಳು.

ಕಲ್ಮೇಶ ಪಾಠ ಮಾಡುತ್ತಿದ್ದ. ತುಂಬಿದ ಕ್ಲಾಸಿನ ಬಾಗಿಲಲ್ಲಿ ನಿಂತು ಕೇಳಿದಳು.

"ನೂರಾರು ಮಂದಿ ಮುಂದ ಕಳ್ಳಿ ಅಂದ್ರಿ. ಕ್ಷಮಾ ಮಾತ್ರ ಕಂಪ್ಯೂಟರ್‌ನಾಗ ಕೇಳ್ತೀರಿ? ಬಾಯಿ ಇಲ್ಲೇನು?"



ಅವನು ಸೀಮೆಸುಣ್ಣ ಕೆಳಗಿಟ್ಟ. ಕೈ ಜೋಡಿಸಿ, ವಿದ್ಯಾರ್ಥಿಗಳ ಕಡೆ ತಿರುಗಿದ.

"ಎಲ್ಲಾರೂ ಕೇಳ್ರಿ. ಇವರು ದಾನೇಶ್ವರಿ ಮೇಡಂ. ಇವರ ಬರದ ಲೆಕ್ಕಾನ ನಮ್ಮದು ಅಂದೆ. ಇವರಿಗೆ ಕಳ್ಳಿ ಅಂದೆ. ಕಳ್ಳತನ ಆಗಿದ್ದು ನಮ್ಮ ಕ್ಲಾಸಿನ್ಯಾಗ. ಬೇಕಾದ್ರ ಇದನ್ನೂ ವಿಡಿಯೋ ಮಾಡ್ಕೋರಿ... ಎಲ್ಲಾ ಕಡೆ ಕಳಸ್ರಿ."

ಅನೀಲಕುಮಾರನ ಹೆಸರನ್ನು ಅವನು ಎತ್ತಲೇ ಇಲ್ಲ. ಆ ಮನುಷ್ಯ ತಪ್ಪೊಪ್ಪಿಕೊಂಡು ಕೆಲಸ ಬಿಟ್ಟು ಹೋಗಿದ್ದು ದಾನೇಶ್ವರಿಗೆ ಆಮೇಲೆ ಬೇರೆಯವರಿಂದ ತಿಳಿಯಿತು.

"ಆವತ್ತ ನಮ್ಮ ಮನಿ ಮುಂದಿಂದ ಯಾಕ ಓಡಿದ್ರಿ?" ಅವಳ ಧ್ವನಿ ಇನ್ನೂ ಗಡುಸಾಗಿಯೇ ಇತ್ತು.

"ನಿಮ್ಮವ್ವನ ಮುಂದ ನಿಂತು ಏನಂತ ಹೇಳಲ್ರಿ? ಬರೇ ಕೈಯಲೆ ಕ್ಷಮಾ ಕೇಳಾಕ ನಾಚಿಕಿ ಬಂತು. ಮೊದಲ ನಿಮ್ಮ ಪುಟ ನಿಮಗ ಮುಟ್ಟಿಸಿ, ಆಮ್ಯಾಲೆ ಬರೂಣು ಅಂತಿದ್ದೆ."

"ನಾ ಕ್ಷಮಿಸಿಲ್ಲ," ಎಂದು ಹೇಳಿ ಹೊರಟಳು. ಆದರೆ ಬಸ್ಸಿನ ಕಿಟಕಿಗೆ ತಲೆಯಾನಿಸಿದಾಗ ಅವಳಿಗೇ ಅಚ್ಚರಿ... ಎದೆಯ ಮೇಲಿನ ಕಲ್ಲು ಸರಿದಂತಿತ್ತು.

ಆ ಎರಡನೆಯ ವಿಡಿಯೋ ಇಂಡಿಗೂ ಮುಟ್ಟಿತು. ಶಾಲೆಯವರು ತಾವಾಗಿಯೇ ಕರೆದರು. ದಾನೇಶ್ವರಿ ಅಲ್ಲಿಯೇ ಉಳಿದು ಪಾಠ ಮಾಡುತ್ತ, ಶನಿವಾರಗಳಂದು ಸಿಂದಗಿಯಲ್ಲಿ ಬಸ್ ಬದಲಿಸಿ ಊರಿಗೆ ಬರತೊಡಗಿದಳು.

ಸಿಂದಗಿಯ ಬಸ್ ನಿಲ್ದಾಣದಲ್ಲಿ ಕಲ್ಮೇಶ ನಿಂತಿರುತ್ತಿದ್ದ. ಮೊದಲ ಸಲ, 'ಏಣಿ'ಯ ಗಣಿತ ಪುಟಗಳನ್ನು ಒಮ್ಮೆ ನೋಡಿ ಎನ್ನಲು. ಅವಳು ಅಲ್ಲೇ ಮೊಬೈಲಿನಲ್ಲಿ ತೆರೆದು ನೋಡಿದಳು.

"ಅರ್ಧಕ್ಕರ್ಧ ತಪ್ಪದಾವು. ಬಡ್ಡಿ ಲೆಕ್ಕ ಯಾರ್ ಬರದದ್ದು?"

"ನಾನ."

"ಕಾಣಸ್ತೈತಿ!"

ಅವನು ತಿದ್ದಿಕೊಂಡು ಮುಂದಿನ ವಾರ ಮತ್ತೆ ಬಂದ. ಮತ್ತೆ ಜಗಳ. ಅದರ ಮುಂದಿನ ವಾರವೂ. ಅವಳ ಬಾಯಿಂದ ಒಂದು ಒಳ್ಳೆಯ ಮಾತು ಹೊರಟದ್ದಿಲ್ಲ. ಅವನು ಒಂದು ಸಲವೂ ಬೇಸರಿಸಿದ್ದಿಲ್ಲ.

ಒಂದು ಶನಿವಾರ ಇಬ್ಬರು ಹೆಂಗಸರು ತಮ್ಮ ಕಡೆಗೇ ನೋಡಿ ಪಿಸುಗುಟ್ಟಿದ್ದು ಕಂಡು ದಾನೇಶ್ವರಿ ಸಿಡುಕಿದಳು.

"ಹಿಂಗ ವಾರಾವಾರಾ ಬಂದ ನಿಂದರಬ್ಯಾಡ್ರಿ. ಮಂದಿ ನೋಡ್ತಾರ!"

ಮುಂದಿನ ವಾರ ಅವನಿರಲಿಲ್ಲ.

'ಒಳ್ಳೇದಾಯಿತು,' ಎಂದುಕೊಂಡಳು. ಎಂದುಕೊಂಡರೂ ಬಸ್ ಹೊರಡುವವರೆಗೆ ಗೇಟಿನತ್ತಲೇ ಕಣ್ಣು.

ಮತ್ತೊಂದು ವಾರವೂ ಬರಲಿಲ್ಲ. ಊರಿನ ಬಸ್ ಎದುರಿಗೆ ನಿಂತಿತ್ತು. ದಾನೇಶ್ವರಿ ಹತ್ತಲಿಲ್ಲ. ಚೀಲ ಹೆಗಲಿಗೇರಿಸಿ ದುಡುದುಡು ನಡೆದಳು.

ಕ್ಲಾಸ್ ಮುಗಿದು ಹುಡುಗರೆಲ್ಲ ಹೋಗಿದ್ದರು. ಕಲ್ಮೇಶ ಒಬ್ಬನೇ ಕಿಟಕಿ ಮುಚ್ಚುತ್ತಿದ್ದ.

"ಬರಬ್ಯಾಡ ಅಂದ್ರ ಬರೂದ ಬಿಟ್ಟುಬಿಡ್ತೀರೇನ್ರಿ?"

ಅವನು ಬೆಚ್ಚಿ ತಿರುಗಿದ. "ನೀವ ಅಂದ್ರಿ..."

"ನಾ ಅಂದಿದ್ದೆಲ್ಲಾ ಕೇಳ್ತೀರೇನು?"

"ಒಮ್ಮಿ ನಿಮ್ಮ ಮಾತ ಕೇಳದ ಒದರಿ ಕೆಟ್ಟೇನ್ರಿ. ಅದಕ ಈ ಸಲ ಕೇಳೀನಿ... ಭಾಳ ಕಷ್ಟ ಆತು."

ಅವಳು ಹೆಗಲ ಚೀಲವನ್ನು ಕೆಳಗಿಟ್ಟಳು.

"ದಾನೇಶ್ವರಿ..." ಮೊದಲ ಸಲ ಮೇಡಂ ಎನ್ನದೆ ಕರೆದ. "ನಿಮ್ಮ ಮ್ಯಾಲೆ ನನಗ ಮನಸಾಗೇತಿ. ನಿಮ್ಮ ಸಿಟ್ಟು ಇಳೀಲಿ, ಆಮ್ಯಾಲೆ ಹೇಳೂಣು ಅಂತ ಕಾಯಾಕತ್ತಿದ್ದೆ."

"ಅದು ಇಳಿಯಂಗಿಲ್ಲ!"

"ಒಂಚೂರೂ?"

"ಕಳ್ಳಿ ಅಂದದ್ದು ಸಾಯೂತನಕ ಮರಿಯಂಗಿಲ್ಲ ನಾ!" ಹೇಳುವಾಗಲೇ ಅವಳ ಕಣ್ಣು ತುಂಬಿತು.

"ಹಂಗಾರ ಸಾಯೂತನಕ ನನ್ನ ಜೋಡಿ ಇದ್ದು ಬೈರಿ."

ದಾನೇಶ್ವರಿ ಮುಖ ತಿರುಗಿಸಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿಯಲಿಲ್ಲ. ಮೆಲ್ಲಗೆ ಮೊದಲ ಬೆಂಚಿನ ಮೇಲೆ ಕುಳಿತಳು.

"ನಿಮ್ಮ ಬಸ್ ಹೋಗಿರಬೇಕು," ಎಂದ ಅವನು, ಹೆದರುತ್ತಲೇ.

"ಹೋಗ್ಲಿ."



"ಮನ್ಯಾಗ ಕೇಳಾಕ ಯಾವತ್ತ ಬರಲಿ? ನೀವು ಹೇಳಿದ ದಿನ ಬರ್ತೇನಿ."

"ನಾ ಹೇಳಂಗಿಲ್ಲ," ಸೆರಗಿನಿಂದ ಕಣ್ಣೊರೆಸಿಕೊಂಡಳು ದಾನೇಶ್ವರಿ. "ನಿಮಗ ತಿಳೀಬೇಕು."

ಕಲ್ಮೇಶ ಅವಳ ಎದುರಿನ ನೆಲದ ಮೇಲೆಯೇ ಕುಳಿತ.

"ನಾಳಿ?"

"ನಾಳಿ ರವಿವಾರ..." ಅವಳ ದನಿ ಈಗ ತೀರ ಮೆತ್ತಗಿತ್ತು. "ಮನ್ಯಾಗ ಇರ್ತೇನಿ."