ಎಡಚಿಯ ಕಟ್ಟರ್

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರು ಸಾಲಿನ ಅಂಗಡಿಗಳೆಲ್ಲ ಮಸುಕು ಗಾಜಿನ ಹಿಂದೆ ನಿಂತಂತೆ ಕಾಣುತ್ತಿದ್ದವು. ಆ ಮಂಜಿನೊಳಗಿಂದಲೇ ಹೊಸ ಫಿಟ್ಟರ್ ಗಾಜಿನ ಅಂಗಡಿಗೆ ನಡೆದುಬಂದ. ಬಂದವನೇ ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯ ಮೇಜಿನ ಮೇಲಿದ್ದ, ಗಾಜು ಕತ್ತರಿಸುವ ಕಟ್ಟರಿಗೆ ಕೈ ಹಾಕಿದ.

"ಅದನ್ನ ಮುಟ್ಟಬೇಡಿ."

ಅವನ ಕೈ ಗಾಳಿಯಲ್ಲೇ ನಿಂತಿತು.

ಮನೆಗಳಿಗೆ ಕನ್ನಡಿ, ಬಚ್ಚಲಿಗೆ ಗಾಜಿನ ತಡಿಕೆ, ಅಂಗಡಿಗಳಿಗೆ ಗಾಜಿನ ಕಪಾಟು... ಅಳತೆ ಕೊಟ್ಟರೆ ಮಾಡಿಕೊಡುವ ಆ ಅಂಗಡಿ ಅವಳ ಚಿಕ್ಕಪ್ಪನದು. ಗಾಜು ಕತ್ತರಿಸುವವಳು ಅವಳು. ಕಟ್ಟರಿನ ತುದಿಯಲ್ಲಿ ಸಾಸಿವೆಯಷ್ಟು ವಜ್ರ. ಅದನ್ನು ಮಗಳ ಎಡಗೈಯ ಓರೆಗೆ ಸರಿಯಾಗಿ ಕೂರಿಸಿಕೊಟ್ಟಿದ್ದು ಅಪ್ಪ. ಅಪ್ಪ ಈಗಿಲ್ಲ. ಅವನು ಇಟ್ಟ 'ಎಡಚಿ' ಎಂಬ ಅಡ್ಡಹೆಸರು ಮತ್ತು ಈ ಕಟ್ಟರ್, ಎರಡೇ ಉಳಿದಿದ್ದವು.

"ನಿಮ್ಮ ಚಿಕ್ಕಪ್ಪ ಬಂದ ಕಾಲಲ್ಲೇ ಕೆಲಸಕ್ಕೆ ಓಡಿಸ್ತಿದಾರೆ," ಎಂದ ಅವನು. "ನನ್ನ ಸಾಮಾನಿನ ಪೆಟ್ಟಿಗೆ ಇನ್ನೂ ದಾರೀಲಿದೆ. ಇದನ್ನ ಕೊಟ್ಟಿರಿ, ಸಂಜೆಯೊಳಗೆ ತಂದುಕೊಡ್ತೀನಿ."

ಒಬ್ಬರ ಕಟ್ಟರನ್ನು ಇನ್ನೊಬ್ಬರಿಗೆ ಕೊಡುವ ವಾಡಿಕೆ ಆ ಕಸುಬಿನಲ್ಲಿಲ್ಲ. ಆದರೂ ಕೊಟ್ಟಳು. ಯಾಕೆಂದು ಅವಳಿಗೂ ತಿಳಿಯದು. ಅವನ ಹುಬ್ಬಿನ ಮೇಲೆ ಮಂಜಿನ ಹನಿಗಳಿದ್ದವು, ಅಷ್ಟು ನೆನಪು.

ಸಂಜೆಯಾಯಿತು. ಕಟ್ಟರ್ ಬರಲಿಲ್ಲ.

"ಇನ್ನೆರಡು ದಿನ..." ಎಂದ ಅವನು, ನೆಲ ನೋಡುತ್ತ.

ಎರಡು ದಿನ ಏಳು ತಿಂಗಳಾಯಿತು. ಬೇರೆ ಯಾರಾದರೂ ಆಗಿದ್ದರೆ ಅವಳು ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದಳು. ಆದರೆ ಅವನು ದಿನವೂ ಬೆಳಿಗ್ಗೆ ಅವಳ ಮೇಜಿನ ಬಳಿ ಬಂದು, "ನಿಮ್ಮದು ನನ್ನ ಹತ್ರ ಇದೆ. ಮರೆತಿಲ್ಲ," ಎನ್ನುತ್ತಿದ್ದ. ಆ ಒಂದು ಮಾತಿಗಾಗಿ ಅವಳು ಚಿಕ್ಕಪ್ಪನ ಬಲಗೈ ಕಟ್ಟರಿನೊಂದಿಗೆ ಹೆಣಗಾಡಿದಳು. ಕೊಡಬೇಕಾದ್ದು ಬಾಕಿ ಇರುವಷ್ಟು ದಿನ ಅವನು ಬರುತ್ತಾನಲ್ಲ... ಮನುಷ್ಯರಿಗೆ ಮನಸ್ಸು ಕೊಟ್ಟವನೇ ಇಂಥ ಲೆಕ್ಕಾಚಾರವನ್ನೂ ಕೊಟ್ಟಿರಬೇಕು.

ಹೀಗಿರುವಾಗ ಕೆಂಪು ದಾರ ಕಣ್ಣಿಗೆ ಬಿತ್ತು.

ಅವನ ಎಡಗೈ ಬೆರಳಿಗೆ ಬಟ್ಟೆ ಸುತ್ತಿತ್ತು. ಮೇಲೆ ಕೆಂಪು ದಾರದ ಅಚ್ಚುಕಟ್ಟಾದ ಗಂಟು. ಮುಂದಿನ ವಾರ ಇನ್ನೊಂದು ಬೆರಳು, ಅದೇ ದಾರ, ಅದೇ ಗಂಟು.

"ಬಲಗೈಲಿ ಕೆಲಸ ಮಾಡೋರಿಗೆ ಎಡಗೈ ವಾರವಾರ ಹೇಗೆ ಕುಯ್ದುಹೋಗುತ್ತೆ?"

"ಹಾಗೇ... ಆಗುತ್ತೆ."

ಆ ದಾರ ಎಲ್ಲಿಯದೆಂದು ಅವಳಿಗೆ ಗೊತ್ತಿತ್ತು. ಮೂಲೆಯ ಬೇಕರಿಯಲ್ಲಿ ಕೇಕಿನ ಡಬ್ಬಕ್ಕೆ ಕಟ್ಟುವ ದಾರ. ಬೇಕರಿಯಾಕೆ ಎತ್ತರದ ಹುಡುಗಿ, ನಕ್ಕರೆ ಅಂಗಡಿಯೇ ಬೆಳಗುತ್ತಿತ್ತು. ಅಲ್ಲಿ ಗಾಜಿನ ಕೌಂಟರ್ ಮಾಡುವ ಕೆಲಸ ಬಂದಿತ್ತು. ಒಂದು ಸಲ ಅಳತೆ ತೆಗೆದರೆ ಸಾಕಾಗುವ ಕೆಲಸಕ್ಕೆ ಅವನು ಐದು ಸಲ ಹೋಗಿಬಂದಿದ್ದ.

ಎಷ್ಟು ಜೋಪಾನವಾಗಿ ಕಟ್ಟಿದಾಳೆ... ಅವನ ಕೈಯನ್ನ ತನ್ನ ಕೈಯಲ್ಲಿ ಹಿಡಕೊಂಡೇ ಕಟ್ಟಿರಬೇಕು. ಊದಿ ಊದಿ!

ಅಂದು ಅವಳ ಗಾಜು ಎರಡು ಕಡೆ ಬಿರುಕುಬಿಟ್ಟಿತು.

"ಚಿಕ್ಕಪ್ಪ, ಪಕ್ಕದ ಊರಿನ ಅಂಗಡಿಯವರು ಕರೀತಿದಾರಲ್ಲ, ಹೋಗ್ತೀನಿ. ಬೇಕರಿ ಕೌಂಟರ್ ಕೂರಿಸಿದ ಮಾರನೇ ದಿನವೇ."

ಚಿಕ್ಕಪ್ಪ ಕನ್ನಡಕದ ಮೇಲಿಂದ ನೋಡಿದ. "ಇಲ್ಲಿ ಹೊಟ್ಟೆಗೆ ಕಡಿಮೆ ಆಯ್ತಾ, ಇಲ್ಲ ಹೊಟ್ಟೆಕಿಚ್ಚು ಜಾಸ್ತಿ ಆಯ್ತಾ?"

ಅವಳು ಒಡೆದ ಗಾಜಿನ ಚೂರುಗಳನ್ನು ಗುಡಿಸತೊಡಗಿದಳು.

ಕೌಂಟರ್ ಕೂರಿಸುವ ದಿನ ತಾನೂ ಹೋದಳು. ಮೂರು ಗಾಜಿನ ಹಲಗೆಗಳು ಸರಿಯಾಗಿ ಕೂತವು. ನಾಲ್ಕನೆಯದು ಒಂದು ನೂಲಿನಷ್ಟು ಉದ್ದವಾಗಿ ಕೂರಲಿಲ್ಲ. ಕತ್ತರಿಸಿದ್ದು ಅವಳೇ, ಆ ಕೆಂಪು ದಾರದ ದಿನ.

ಅವನು ಅವಳ ಮುಖ ನೋಡಿದ. ಹೆಚ್ಚಾದದ್ದನ್ನು ತೆಗೆಯಲು ಹಲಗೆಯನ್ನೆತ್ತಿಕೊಂಡು ಒಳಕೋಣೆಗೆ ಹೋದ. ಬೇಕರಿಯಾಕೆ ಅವನ ಹಿಂದೆಯೇ ಪರದೆ ಸರಿಸಿಕೊಂಡು ಒಳಗೆ ನಡೆದಳು.

ಸರಿ. ಕಣ್ಣಾರೆ ನೋಡಿಬಿಡೋಣ.

ಪರದೆಯಾಚೆ ಹಿಟ್ಟಿನ ಚೀಲಗಳ ನಡುವೆ ಒಂದು ಮೇಜು. ಅದರ ತುಂಬ ಗೀರಿದ ಗಾಜಿನ ಪಟ್ಟಿಗಳು, ನೂರಾರು. ಒಬ್ಬ ಅಜ್ಜ ಗಾಜಿಗೆ ಕಿವಿಯಿಟ್ಟು ಕೂತಿದ್ದ. ಫಿಟ್ಟರ್ ಅವಳ ಅಪ್ಪನ ಕಟ್ಟರನ್ನು ಎಡಗೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಗೀರೆಳೆಯುತ್ತಿದ್ದ. ರೇಷ್ಮೆ ಹರಿದಂಥ ಸಣ್ಣ ಸದ್ದು.

"ಹಾಂ," ಎಂದ ಅಜ್ಜ. "ಈಗ ಕಿರುಗುಡಲ್ಲ. ವಜ್ರ ಕೂತಿದೆ."

ಗಾಜು ಟಕ್ಕೆಂದು ನೂಲಿನಂತೆ ಬಿಟ್ಟುಕೊಂಡಿತು.

ಬೇಕರಿಯಾಕೆ ತಿರುಗಿ ಅವಳನ್ನು ಕಂಡಳು. "ಎಡಚಿ ಅಂದ್ರೆ ನೀವೇನಾ? ಏಳು ತಿಂಗಳಿಂದ ಇವರ ಬಾಯಲ್ಲಿ ಆ ಹೆಸರು ಕೇಳಿ ಕೇಳಿ ಸಾಕಾಯ್ತು ನಂಗೆ. ಅಜ್ಜ, ಬಾ. ಬ್ರೆಡ್ ಸುಡ್ತಿದೆ."

"ಎಲ್ಲಿ? ನನಗೆ ವಾಸನೇನೇ ಇಲ್ಲ."

"ಸುಡ್ತಿದೆ ಅಂದೆನಲ್ಲ, ಬಾ."

ಅಜ್ಜ ನಡುಗುವ ಎಡಗೈಯನ್ನು ಮೊಮ್ಮಗಳಿಗೆ ಕೊಟ್ಟು ಹೊರಟುಹೋದ.

ಉಳಿದವರು ಇಬ್ಬರೇ.

"ಮೊದಲ ದಿನವೇ ಹಾಳು ಮಾಡಿಬಿಟ್ಟೆ," ಎಂದ ಅವನು. "ಬಲಗೈಲಿ ಎಳೆದೆ. ವಜ್ರ ಕದಲಿಹೋಯ್ತು. ಅದು ನಿಮ್ಮ ಅಪ್ಪ ಕೂರಿಸಿದ್ದು ಅಂತ ಆಮೇಲೆ ಗೊತ್ತಾಯ್ತು. ಹೇಳೋಕೆ ಬಾಯೇ ಬರಲಿಲ್ಲ."

"ಈ ಅಜ್ಜ...?"

"ಹಳೇ ಗಾಜಿನ ಕೆಲಸಗಾರ. ಅವರೂ ಎಡಚರು. ಅವರು ವಜ್ರಾನ ತಡವಿ ತಡವಿ ಕೂರಿಸ್ತಾರೆ, ಆದ್ರೆ ಗೀರಿ ನೋಡೋಕೆ ಅವರ ಕೈ ಈಗ ನಿಲ್ಲಲ್ಲ. ಎಡಗೈ ಇನ್ನೊಂದು ಬೇಕಿತ್ತು. ಅದಕ್ಕೆ ನಾನೇ ಕಲಿತೆ."

ಅವಳು ಅವನ ಬೆರಳುಗಳನ್ನು ನೋಡಿದಳು. ಮೂರರಲ್ಲಿ ಗಾಯ ಮಾಗಿತ್ತು. ನಾಲ್ಕನೆಯದರ ಮೇಲೆ ಕೆಂಪು ದಾರ.

"ಹೊಸದು ತಂದುಕೊಟ್ಟಿದ್ರೆ ಮುಗೀತಿತ್ತಲ್ಲ."

"ಮುಗೀತಿತ್ತು," ಎಂದ. "ಅದೇ ಬೇಡವಾಗಿತ್ತು ನಂಗೆ."

ಅವಳ ಎದೆಯೊಳಗೆ ಇಷ್ಟು ದಿನ ಕಿರುಗುಡುತ್ತಿದ್ದುದೇನೋ ಸುಮ್ಮನಾಯಿತು.

ಅವನು ಕಟ್ಟರನ್ನು ಅಂಗಿಯ ತುದಿಯಿಂದ ಒರೆಸಿ, ಹಿಡಿಕೆಯನ್ನು ಅವಳತ್ತ ಮಾಡಿ, ಅವಳ ಎಡ ಅಂಗೈಯಲ್ಲಿಟ್ಟ.

"ಸಂಜೆಯೊಳಗೆ ಅಂದಿದ್ದೆ. ತಡವಾಯ್ತು."

"ಇನ್ಮೇಲೆ ಬೆಳಿಗ್ಗೆ ನನ್ನ ಮೇಜಿನ ಹತ್ರ ಬಂದು ಏನಂತೀರಿ?"

"ಗೊತ್ತಿಲ್ಲ... ನೀವು ಹೊರಟಿದೀರಂತೆ, ಚಿಕ್ಕಪ್ಪ ಹೇಳಿದ್ರು. ಆ ಖಾಲಿ ಮೇಜಿಗೆ ನಾನು ಏನು ಹೇಳಲಿ? ನೀವಿಲ್ಲದ ಕಡೆ ನನ್ನಿಂದ ಇರೋಕಾಗಲ್ಲ."

"ಹೊರಟಿದ್ದೆ," ಎಂದಳು ಅವಳು. "ಹತ್ತು ನಿಮಿಷದ ಹಿಂದಿನ ತನಕ."

ಅವನ ಕೈಯನ್ನು ತನ್ನ ಕೈಗೆ ಎಳೆದುಕೊಂಡಳು. ಕೆಂಪು ಗಂಟನ್ನು ನಿಧಾನವಾಗಿ ಬಿಚ್ಚಿದಳು. ತನ್ನ ಕರವಸ್ತ್ರದ ಅಂಚು ಹರಿದು, ಆ ಬೆರಳಿಗೆ ತಾನೇ ಸುತ್ತಿ ಕಟ್ಟಿದಳು. ಗಂಟು ಅಷ್ಟೇನೂ ಅಚ್ಚುಕಟ್ಟಾಗಿರಲಿಲ್ಲ.

"ಬಿಗಿಯಾಯ್ತಾ?"

"ಇರಲಿ."

ಆಮೇಲೆ ಪರದೆ ಸರಿಸಿ ಹೊರಬಂದಳು. ಕೆಂಪು ದಾರವನ್ನು ಬೆರಳಿಗೆ ಸುತ್ತಿ ಪುಟ್ಟ ಸುರುಳಿ ಮಾಡಿ, ಹೊಸ ಕೌಂಟರಿನ ಗಾಜಿನ ಮೇಲೆ ಬೇಕರಿಯಾಕೆಯ ಮುಂದಿಟ್ಟಳು.

"ಇದು ನಿಮ್ಮದು," ಎಂದಳು, ಮೆಲ್ಲಗೆ.