ಮೂರನೇ ಸಿಲಿಂಡರಿನ ಸದ್ದು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಬೇಕಿದ್ದರೆ ಭಾನುವಾರ ಬೆಳಗ್ಗೆ ಮೇಸ್ತ್ರಿಯ ಗ್ಯಾರೇಜಿಗೆ ಹೋಗಬೇಕಿತ್ತು. ಇನ್ನೂ ಮಾರಾಟಕ್ಕೇ ಬಾರದ ಒಂದು ಸ್ಪೋರ್ಟ್ಸ್ ಕಾರಿನ ಎಂಜಿನ್ ಯಾವುದೆಂದು ಅಲ್ಲಿ ಏಳು ತಿಂಗಳಿಂದ ಜಗಳ ನಡೆದಿತ್ತು. ಕಾರನ್ನು ಯಾರೂ ಕಂಡಿರಲಿಲ್ಲ. ಮೈತುಂಬ ಕಪ್ಪು ಬಿಳಿ ಸ್ಟಿಕ್ಕರ್ ಹೊದ್ದು ಟೆಸ್ಟ್ ಟ್ರ್ಯಾಕಿನಲ್ಲಿ ಓಡುವ ಅದರ ಎರಡು ಮಸುಕು ಫೋಟೋ ಕಂಡಿದ್ದರು, ಅಷ್ಟೇ.

ಮೇಸ್ತ್ರಿ ಅಂದರೆ ಗಂಡಸಲ್ಲ. ಅವಳ ಅಪ್ಪ ದೊಡ್ಡ ಮೇಸ್ತ್ರಿಯಾಗಿದ್ದ. ಅವನು ತೀರಿಕೊಂಡು ಎರಡು ವರ್ಷ. ಆ ಹೆಸರು, ಸ್ಪ್ಯಾನರ್ ಪೆಟ್ಟಿಗೆ, ಮುಂಗೋಪ ಮೂರೂ ಮಗಳ ಪಾಲಿಗೆ ಬಂದಿದ್ದವು. ಅಪ್ಪನ ಹಳೆಯ ನೀಲಿ ಕಾರೂ ಬಂದಿತ್ತು. ಅದನ್ನು ಅವಳು ಮಾರಿರಲಿಲ್ಲ, ಮಾರು ಅಂದವರಿಗೆ ಎರಡನೇ ಸಲ ಮಾತಾಡಲು ಬಿಟ್ಟಿರಲೂ ಇಲ್ಲ.

ಆ ಭಾನುವಾರ, ಜಗಳದ ಒಂದು ಕಡೆಯವರಾದ ಡೆಂಟಿಸ್ಟ್ ಫೋನ್ ಎತ್ತಿ ಹಿಡಿದುಕೊಂಡೇ ಒಳಗೆ ನುಗ್ಗಿದರು.

"ಸಿಕ್ತು! ಕಂಪನಿಯವರೇ ಸೌಂಡ್ ಬಿಟ್ಟಿದ್ದಾರೆ. ಒಂಬತ್ತೇ ಸೆಕೆಂಡು. ಇದು ವಿ-ಏಯ್ಟ್ ಅಲ್ಲದಿದ್ರೆ ನನ್ನ ಹಲ್ಲು ನಾನೇ ಕಿತ್ಕೋತೀನಿ."

"ಕೇಳೋಕೆ ಮುಂಚೆ ತೀರ್ಪು ಕೊಡಬೇಡಿ ಡಾಕ್ಟ್ರೇ," ಅಂದರು ಎದುರು ಕಡೆಯ ಲಾಯರ್. "ಆರೇ ಸಿಲಿಂಡರು, ಎರಡು ಟರ್ಬೊ. ಆ ಬಾನೆಟ್ಟಿನೊಳಗೆ ಎಂಟು ಹಿಡಿಸೋಕೆ ಅದೇನು ಬಸ್ಸಾ?"

"ನಿಮ್ಮ ಟರ್ಬೊ ಮಿಕ್ಸಿ ಥರ ಕೂಗುತ್ತೆ!"

"ನಿಮ್ಮ ಡ್ರಿಲ್ಲಿಗಿಂತ ವಾಸಿ!"

ಮೇಸ್ತ್ರಿ ನಗು ತಡೆದುಕೊಂಡು ನೀಲಿ ಕಾರಿನ ಪಕ್ಕದ ಕನ್ನಡಿ ನೋಡಿದಳು. ಆ ಕನ್ನಡಿಯಲ್ಲಿ ಹೆಡ್‌ಫೋನ್ ಕಾಣುತ್ತಿದ್ದ. ಕುತ್ತಿಗೆಯಿಂದ ಅದು ಇಳಿದದ್ದೇ ಇಲ್ಲವಾದ್ದರಿಂದ ಅವನಿಗೆ ಆ ಹೆಸರು. ಏಳು ತಿಂಗಳ ಹಿಂದೆ ಒಡೆದ ಸೈಲೆನ್ಸರ್ ರಿಪೇರಿಗೆ ಬಂದವನು, ನೀಲಿ ಕಾರು ಸ್ಟಾರ್ಟ್ ಆದ ಸದ್ದಿಗೆ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಸ್ಪೀಕರ್ ಕಂಪನಿಯಲ್ಲಿ ಕೆಲಸ ಅಂದಿದ್ದ. "ಈ ಸದ್ದನ್ನ ರೆಕಾರ್ಡ್ ಮಾಡ್ಕೊಳ್ಳಲಾ? ಬರೀ ನಾನು ಕೇಳೋಕೆ," ಎಂದು ಕೇಳಿದ್ದ. ಆಮೇಲೆ ಪ್ರತಿ ಭಾನುವಾರ ಮೊಲದ ಹಾಗೆ ತುಪ್ಪಳ ಹೊದ್ದ ಮೈಕು ಹಿಡಿದು ಹಾಜರು. ಅವಳು ಕಾಲು ತೆಗೀರಿ, ಕೈ ತೆಗೀರಿ ಎಂದು ಗದರಿಸುವುದು, ಅವನು ನಗುವುದು.

ನೇರವಾಗಿ ನೋಡಲು ಇಬ್ಬರಿಗೂ ಧೈರ್ಯವಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ನೋಡಿದ ಹಾಗಲ್ಲ ಎಂದು ಇಬ್ಬರೂ ತಮ್ಮ ತಮ್ಮಲ್ಲೇ ನಂಬಿಕೊಂಡಿದ್ದರು. ಅವಳು ನೋಡಿದಾಗ ಅವನ ಕಣ್ಣು ಮೊದಲೇ ಅಲ್ಲಿರುತ್ತಿತ್ತು. ಒಂದು ಕ್ಷಣ ಇದ್ದು, ರೆಪ್ಪೆ ಬಡಿದು, ಟೂಲ್ ಸ್ಟ್ಯಾಂಡಿನ ಕಡೆ ಓಡುತ್ತಿತ್ತು.

ಇವತ್ತು ಅವನು ಕನ್ನಡಿ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಕೂತಿದ್ದ.

ಡೆಂಟಿಸ್ಟ್ ಫೋನ್ ಒತ್ತಿದರು. ಗಂಭೀರವಾದ ಗುಡುಗು, ಏರಿ, ಎತ್ತರಕ್ಕೆ ಹೋಗಿ, ಇಳಿಯುವಾಗ ಒಂದು ಸಣ್ಣ ಕೆಮ್ಮು. ಅದರ ತಳದಲ್ಲಿ, ಹುಡುಕಿದರೆ ಮಾತ್ರ ಸಿಗುವಷ್ಟು ಸಣ್ಣಗೆ, ಟಿಕ್. ಟಿಕ್. ಟಿಕ್.

ಮೇಸ್ತ್ರಿಯ ಕೈಯ ಸ್ಪ್ಯಾನರ್ ನಿಂತಿತು.

"ಇನ್ನೊಂದ್ಸಲ ಹಾಕಿ."

ಇನ್ನೊಂದು ಸಲ ಹಾಕಿದರು. ಟಿಕ್. ಟಿಕ್. ಟಿಕ್.

ಆ ಟಿಕ್ ಅವಳ ಅಪ್ಪನದು. ಎಂಜಿನ್ನಿನ ವಾಲ್ವುಗಳನ್ನು ಒತ್ತುವ ಎಲ್ಲ ಟ್ಯಾಪೆಟ್‌ಗಳ ಗ್ಯಾಪನ್ನೂ ಪುಸ್ತಕದ ಲೆಕ್ಕಕ್ಕೆ ಇಟ್ಟು, ಮೂರನೆಯ ಸಿಲಿಂಡರಿನದನ್ನು ಮಾತ್ರ ಒಂದು ಕೂದಲೆಳೆ ಸಡಿಲ ಬಿಡುತ್ತಿದ್ದ. ಯಾಕಪ್ಪಾ ಎಂದರೆ, "ಇದು ಬಿಸಿ ಜಾಸ್ತಿ ಆಗೋ ಸಿಲಿಂಡರು ಮಗಳೇ. ಬಿಗಿ ಇರೋ ವಾಲ್ವು ಸದ್ದು ಮಾಡಲ್ಲ, ಸುಮ್ಮನೆ ಒಳಗೇ ಸುಡುತ್ತೆ. ಸಡಿಲ ಇರೋದು ಟಿಕ್ ಟಿಕ್ ಅಂತ ಹೇಳ್ಕೊಳ್ಳುತ್ತೆ. ಹೇಳ್ಕೊಳ್ಳೋದು ಬಾಳಿಕೆ ಬರುತ್ತೆ," ಎನ್ನುತ್ತಿದ್ದ. ಲೋಕದಲ್ಲಿ ಬೇರೆ ಯಾವ ಕಾರಿಗೂ ಆ ಟಿಕ್ ಇರಲಿಕ್ಕಿಲ್ಲ.

"ಏನು ಮೇಸ್ತ್ರಿ, ಎಂಟಾ, ಆರಾ?" ಅಂದರು ಲಾಯರ್.

"ಸೊನ್ನೆ," ಅಂದಳು ಅವಳು. "ಆ ಕಾರಲ್ಲಿ ಎಂಜಿನ್ನೇ ಇಲ್ಲ. ಬ್ಯಾಟರಿ ಗಾಡಿ. ಸದ್ದು ಸ್ಪೀಕರಿಂದು."

ಇಬ್ಬರೂ ಬಾಯಿ ಬಿಟ್ಟುಕೊಂಡು ನಿಂತರು. "ಅದು ಹೇಗೆ ಹೇಳ್ತೀರಿ?"

"ಸ್ವಂತ ಎಂಜಿನ್ ಇದ್ದವನು ಇನ್ನೊಬ್ಬರ ಎಂಜಿನ್ನಿನ ಸದ್ದು ಯಾಕೆ ಕದೀತಾನೆ? ಇಬ್ಬರೂ ಮನೆಗೆ ಹೋಗಿ. ಇವತ್ತು ಗ್ಯಾರೇಜ್ ಬಂದ್."

ಅವಳ ದನಿ ಕೇಳಿ ಲಾಯರ್ ಕೂಡ ವಾದ ಮಾಡಲಿಲ್ಲ. ಇಬ್ಬರೂ ಹೊರಟರು. ಹೆಡ್‌ಫೋನ್ ಎದ್ದ.

"ನೀನು ಕೂತ್ಕೊ."

ಏಳು ತಿಂಗಳಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಕೂತ.

"ಸ್ಪೀಕರ್ ಕಂಪನಿ ಅಂದಿದ್ದೆ."

"ಆ ಕಾರ್ ಕಂಪನಿಯ ಸ್ಪೀಕರ್ ವಿಭಾಗ," ಅಂದ ಅವನು ಮೆಲ್ಲಗೆ. "ಕಾರಿಗೆ ಸದ್ದು ಮಾಡೋದು ನನ್ನ ಕೆಲಸ. ನೂರಾರು ಮಾಡಿದೆ. ಎಲ್ಲ ಸತ್ತ ಸದ್ದು. ಕೇಳಿದ ಕೂಡಲೇ ಎದೆ ಜುಂ ಅನ್ನೋ ಸದ್ದು ಯಾವುದು ಅಂತ ಬಾಸ್ ಕೇಳಿದ್ರು. ನನಗೆ ಗೊತ್ತಿದ್ದದ್ದು ಒಂದೇ."

"ನನ್ನನ್ನ ಕೇಳಿದ್ಯಾ?"

"ಇಲ್ಲ."

"ಬರೀ ನಾನು ಕೇಳೋಕೆ ಅಂದಿದ್ದೆಯಲ್ಲ?"

"ಮೊದಲು ಅದಕ್ಕೇ ಮಾಡಿಕೊಂಡೆ. ಆಮೇಲೆ..."

"ಆಮೇಲೆ ನಮ್ಮಪ್ಪನ್ನ ತಗೊಂಡು ಹೋಗಿ ಡಬ್ಬದೊಳಗೆ ತುಂಬಿ ಮಾರೋಕೆ ಹೊರಟೆ! ಅವನು ಹೋದ ಮೇಲೆ ಈ ಮನೇಲಿ ಉಳಿದಿರೋ ಅವನ ದನಿ ಅಂದ್ರೆ ಅದೊಂದೇ ಕಣೋ! ಮನೆ ಬಾಗಿಲು ತೆಗೆದು ಕೂರಿಸಿದ್ದಕ್ಕೆ ಗೋಡೆಗೇ ಕನ್ನ ಹಾಕಿದ್ಯಲ್ಲ!" ಸ್ಪ್ಯಾನರ್ ಬೆಂಚಿನ ಮೇಲೆ ಬಿತ್ತು. ನಟ್ಟು ಬೋಲ್ಟು ನೆಲಕ್ಕೆ ಹಾರಿದವು. "ಏಳು ತಿಂಗಳು ನೀನು ಬಂದಿದ್ದು ಎಂಜಿನ್ನಿಗೆ. ನಾನು ಮೂರ್ಖಿ, ಬೇರೆ ಏನೋ ಅಂದ್ಕೊಂಡೆ."

ಅವನು ಬಾಯಿ ತೆರೆದ. ಮುಚ್ಚಿದ. ಅದು ಅವನ ರೋಗ.

"ಎದ್ದು ಹೋಗು."

ಹೋದ. ಅವಳು ಕನ್ನಡಿಯನ್ನು ಒಳಮುಖವಾಗಿ ಮಡಚಿಟ್ಟಳು.

ಒಳಗಿನ ಸಣ್ಣ ಆಫೀಸಿನಲ್ಲಿ ಬಿಲ್ ಬರೆಯುತ್ತಿದ್ದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. "ಆ ಪೇಂಟಿನವನು ಮೋಸ ಮಾಡಿದಾಗ್ಲೂ ನೀನು 'ನೀವು, ನೀವು' ಅಂತಾನೇ ಬೈದಿದ್ದೆ," ಅಂದಳು, ತಲೆ ಎತ್ತದೆ.

"ಅಮ್ಮಾ, ಸುಮ್ಮನಿರ್ತೀಯಾ?"

"ಸುಮ್ಮನೆ ಇದ್ದೀನಲ್ಲ. ಹೇಳಿದೆ ಅಷ್ಟೇ."

ಗುರುವಾರ ಮಧ್ಯಾಹ್ನ ಕಂಪನಿಯಿಂದ ಒಂದು ದಪ್ಪ ಲಕೋಟೆ ಬಂತು. ತಮ್ಮ ಕಾರಿನ ಸದ್ದು ಅವಳ ಕಾರಿನದೆಂದು ತಮ್ಮ ನೌಕರನೇ ಲಿಖಿತವಾಗಿ ಒಪ್ಪಿಕೊಂಡಿದ್ದಾನೆ. ಅವಳು ಸಹಿ ಹಾಕಿದರೆ ಆ ಸದ್ದನ್ನೇ ಬಳಸುತ್ತೇವೆ, ಹಾಕದಿದ್ದರೆ ಹೊಸದು ಮಾಡಿಸುತ್ತೇವೆ ಎಂದಿತ್ತು. ಅವಳು ಎರಡು ಸಲ ಓದಿದಳು. ಕದ್ದವನು ತಾನೇ ಹೋಗಿ ಒಪ್ಪಿಕೊಂಡಿದ್ದಾನೆ. ಸಿಟ್ಟು ಇಳಿಯಲಿಲ್ಲ. ಆದರೆ ಅದಕ್ಕೆ ಕೂರಲು ಮೊದಲಿನ ಹಾಗೆ ಗಟ್ಟಿ ಕುರ್ಚಿ ಇರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಅದೇ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತಿದ್ದ. ಮೈಕು ಇರಲಿಲ್ಲ. ಹೆಡ್‌ಫೋನ್ ಇತ್ತು.

"ಸಹಿ ಹಾಕಬೇಡಿ," ಅಂದ.

"ನೀನು ಬೇಡ ಅಂದ್ರೆ ಹಾಕೇಬಿಡ್ತೀನಿ. ಹಾಕದಿದ್ರೆ ನಿನಗೇನಾಗುತ್ತೆ?"

"ಆಗೋದೆಲ್ಲ ಆಯ್ತು. ಸೀಟ್ ಬೆಲ್ಟ್ ಹಾಕದಿದ್ರೆ ಟಿಂಗ್ ಟಿಂಗ್ ಅಂತ ಕೂಗುತ್ತಲ್ಲ, ಇನ್ನು ಅದು ನನ್ನ ವಿಭಾಗ. ನೀವು ಸಹಿ ಹಾಕಿದ್ರೆ ವಾಪಸ್ ಕರ್ಕೋತಾರೆ. ನನಗೆ ಬೇಡ."

ಆಫೀಸಿನೊಳಗೆ ಅಮ್ಮ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಮಗಳಿಗೆ ಗೊತ್ತಿತ್ತು.

"ಟಿಂಗ್ ಟಿಂಗಾ?" ಅಂದಳು ಮೇಸ್ತ್ರಿ. ನಗು ಬಂದುಬಿಡುತ್ತದೆ ಅನ್ನಿಸಿ ಹುಬ್ಬು ಇನ್ನಷ್ಟು ಗಂಟಿಕ್ಕಿದಳು. "ಒಳ್ಳೇದಾಯ್ತು. ಅದನ್ನಾದ್ರೂ ಯಾರ ಮನೆಯಿಂದಲೂ ಕದೀಬೇಕಾಗಿಲ್ಲ."

ಅವನು ಹೆಡ್‌ಫೋನ್ ಬಿಚ್ಚಿ ಮುಂದೆ ಹಿಡಿದ. "ಕಳ್ಳತನ ಇನ್ನೂ ಒಂದಿದೆ. ಅದನ್ನೂ ಒಪ್ಕೊಂಡುಬಿಡ್ತೀನಿ. ಕೇಳಿ."

ಬೇಡ ಅನ್ನಬೇಕೆಂದುಕೊಂಡಳು. ಕೈ ಮುಂದೆ ಹೋಗಿತ್ತು. ಕಿವಿಗೆ ಇಟ್ಟುಕೊಂಡಳು. ನೀಲಿ ಕಾರಿನ ಸದ್ದಿಗೆ ಎದೆ ಗಟ್ಟಿ ಮಾಡಿಕೊಂಡಳು. ಬಂದದ್ದು ಅದಲ್ಲ.

*ಕಾಲು ತೆಗೀರಿ ಸ್ವಾಮಿ, ಆಯಿಲ್ ಟ್ರೇ ಕಾಣ್ತಿಲ್ವಾ? ಆ ಮೊಲಾನ ಆ ಕಡೆ ಹಿಡೀರಿ, ಫ್ಯಾನ್ ಬೆಲ್ಟಿಗೆ ಸಿಕ್ಕಿ ಸಾಯುತ್ತೆ. ಇವತ್ತೂ ತಿಂಡಿ ತಿನ್ನದೆ ಬಂದ್ರಾ? ನಿಮ್ಮನ್ನ ಹೆತ್ತವರು ಏನು ಪಾಪ ಮಾಡಿದ್ರೋ...*

ಹಿಂದೆ ಎಂಜಿನ್ ಇಲ್ಲ. ಗ್ಯಾರೇಜಿನ ಗದ್ದಲವಿಲ್ಲ. ಬರೀ ಅವಳ ದನಿ. ಗದರಿಕೆಯ ಕೊನೆಗೆ ಅವಳಿಗೇ ಗೊತ್ತಿಲ್ಲದಂತೆ ಒಂದು ಮೃದು ಎಳೆ ಉಳಿಯುತ್ತಿತ್ತು. ಅದು ಎಲ್ಲರಿಗೂ ಕೇಳುವಂತಿದೆಯಲ್ಲ ಎಂದು ಅವಳ ಮುಖಕ್ಕೆ ಬಿಸಿ ಏರಿತು.

"ಎಂಜಿನ್ ಎಲ್ಲಿ?" ಎನ್ನುತ್ತ ಹೆಡ್‌ಫೋನ್ ತೆಗೆದು ಬೆಂಚಿನ ಮೇಲಿಟ್ಟಳು.

"ಕಂಪನಿಗೆ ಬೇಕಾಗಿದ್ದು ಎಂಜಿನ್ ಮಾತ್ರ. ಆದ್ರೆ ನೀವು ಬೈಯದೆ ಇದ್ದ ಒಂದು ನಿಮಿಷಾನೂ ರೆಕಾರ್ಡಿಂಗಲ್ಲಿ ಇರಲಿಲ್ಲ. ಬೆಣ್ಣೆಯೊಳಗಿಂದ ಕೂದಲು ತೆಗೆದ ಹಾಗೆ ನಿಮ್ಮ ದನೀನ ತೆಗೆದೆ. ತೆಗೆದಿದ್ದನ್ನ ಎಸೆಯೋಕೆ ಕೈ ಬರಲಿಲ್ಲ. ಎಂಜಿನ್ನನ್ನ ಅವರಿಗೆ ಕೊಟ್ಟೆ. ಬೈಗುಳಾನ ನಾನಿಟ್ಕೊಂಡೆ. ನಲವತ್ತೊಂದು ನಿಮಿಷ ಇದೆ."

"ಇಟ್ಕೊಂಡು ಏನು ಮಾಡ್ತೀಯ?"

"ಕೇಳ್ತೀನಿ. ಬಸ್ಸಲ್ಲಿ. ಹೋಗೋವಾಗ ಅರ್ಧ, ಬರೋವಾಗ ಅರ್ಧ."

ಅವಳಿಗೆ ಈಗ ಬಂದದ್ದು ಭಾನುವಾರದ ಸಿಟ್ಟಲ್ಲ. ಅದಕ್ಕಿಂತ ದೊಡ್ಡದು. "ಏಳು ತಿಂಗಳು! ಏಳು ತಿಂಗಳು ಎದುರಿಗೆ ಕೂತಿದ್ದೆ. ಹೇಳೋಕೆ ಏನಾಗಿತ್ತು ನಿನಗೆ?"

"ಕೆಲಸಕ್ಕೆ ಸೇರುವಾಗ ಬಾಯಿ ಬಿಡಲ್ಲ ಅಂತ ಬರೆದುಕೊಟ್ಟಿದ್ದೆ."

"ಕಾರಿನ ವಿಷಯಕ್ಕೆ ಬರೆದುಕೊಟ್ಟೆ. ನನ್ನ ವಿಷಯಕ್ಕೂ ಬರೆದುಕೊಟ್ಟಿದ್ಯಾ?"

ಅವನ ಕಿವಿ ಕೆಂಪಾಗಿತ್ತು. ಬಿಗಿ ಇರೋದು ಸುಮ್ಮನೆ ಒಳಗೇ ಸುಡುತ್ತೆ ಮಗಳೇ. ಅಪ್ಪ ಹೇಳಿದ್ದು ಬರೀ ವಾಲ್ವಿನ ಮಾತು ಎಂದು ಇಷ್ಟು ದಿನ ತಿಳಿದಿದ್ದಳಲ್ಲ!

ಲಕೋಟೆಯ ಕಾಗದವನ್ನು ಬೆಂಚಿನ ಮೇಲೆ ಹರಡಿ, ಸಹಿಯ ಜಾಗದಲ್ಲಿ ದಪ್ಪ ಅಕ್ಷರದಲ್ಲಿ 'ಇಲ್ಲ' ಎಂದು ಬರೆದಳು. ಅದರ ಕೆಳಗೆ ಗ್ರೀಸ್ ಹತ್ತಿದ ಹೆಬ್ಬೆರಳು ಒತ್ತಿದಳು. "ಎಂಜಿನ್ ಇಲ್ಲದ ಗಾಡಿ ಇಲ್ಲದ ಹಾಗೇ ಓಡಲಿ. ಸುಳ್ಳು ಯಾಕೆ ಹೇಳಬೇಕು?"

ಆಮೇಲೆ ನೀಲಿ ಕಾರಿನ ಹತ್ತಿರ ಹೋಗಿ, ಮಡಚಿದ್ದ ಕನ್ನಡಿಯನ್ನು ಬಿಡಿಸಿದಳು. ಒಳಗೆ ಕೈ ಹಾಕಿ ಕೀಲಿ ತಿರುಗಿಸಿದಳು. ಎಂಜಿನ್ ಕೆಮ್ಮಿ ಎದ್ದಿತು. ಟಿಕ್. ಟಿಕ್. ಟಿಕ್. ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೂರನೆಯ ಸಿಲಿಂಡರಿನ ಮೇಲಿಟ್ಟು ಹಿಡಿಯನ್ನು ಅವನ ಕಿವಿಗೆ ಆನಿಸಿದಳು. ಅಪ್ಪ ಅವಳಿಗೆ ಕಲಿಸಿದ್ದು ಹಾಗೇ. ಅವನು ಕಣ್ಣು ಮುಚ್ಚಿ ಕೇಳಿದ. ಅವಳು ಈ ಸಲ ಕನ್ನಡಿಯಲ್ಲಿ ನೋಡಲಿಲ್ಲ. ಒಂದು ಗೇಣು ದೂರದಿಂದ ನೇರವಾಗಿ ನೋಡಿದಳು. ಅವನು ಕಣ್ಣು ಬಿಟ್ಟಾಗಲೂ ದೃಷ್ಟಿ ತೆಗೆಯಲಿಲ್ಲ.

"ಆ ಫೈಲ್ ಅಳಿಸು," ಅಂದಳು. "ಬೈಸ್ಕೊಳ್ಳೋ ಆಸೆ ಇದ್ರೆ ದಿನಾ ಬಂದು ಎದುರಿಗೆ ನಿಂತು ಬೈಸ್ಕೊ. ಬಸ್ಸಲ್ಲಿ ಕೂತು ಬೈಸ್ಕೊಳ್ಳೋನು ಹೇಡಿ."

"ದಿನಾ ಬರಬಹುದಾ?"

"ಮತ್ತೆ ಕೇಳಿದ್ರೆ ಬೇಡ ಅಂತೀನಿ."

ಅವನು ಫೋನ್ ತೆಗೆದ. ಬೆರಳು ಎರಡು ಸಲ ಆಡಿತು. ಪರದೆಯನ್ನು ಅವಳ ಮುಂದೆ ಹಿಡಿದ. ನಲವತ್ತೊಂದು ನಿಮಿಷ ಹೋಗಿತ್ತು.

ಮೇಸ್ತ್ರಿ ಅದನ್ನೇ ನೋಡುತ್ತ ನಿಂತಳು. ಮೂಗಿನ ತುದಿ ಕೆಂಪಾಯಿತು.

"ಅಳಿಸಿಯೇಬಿಟ್ಟೆಯಾ? ಇಷ್ಟು ಬೇಗ? ಹೇಳಿದೆ ಅಂತ ಹಿಂದೆ ಮುಂದೆ ನೋಡದೆ ಅಳಿಸಿಬಿಡೋದಾ? ನಿನಗೆ ಸ್ವಲ್ಪನಾದ್ರೂ..."

ಆಫೀಸಿನಲ್ಲಿ ಅಮ್ಮ ಮತ್ತೆ ಕೆಮ್ಮಿದಳು. ಅವನು ಸ್ಟೂಲ್ ಎಳೆದುಕೊಂಡು ಆರಾಮಾಗಿ ಕೂತ, ಕುತ್ತಿಗೆಯ ಸುತ್ತ ಏನೂ ಇಲ್ಲದೆ, ಎರಡೂ ಕಿವಿ ತೆರೆದುಕೊಂಡು.